ನೆಹೆಮೀಯನ ಗ್ವಾಡಿ, ದುಮ್ಮವಾಡದ ಗಟಾರ

ಗಟಾರ ತುಂಬಿದ್ದು ಹೊಸದೇನಲ್ಲ. ದುಮ್ಮವಾಡದ ಆ ಓಣಿಯಲ್ಲಿ ಅದು ತುಂಬಿಯೇ ಇರುತ್ತಿತ್ತು. ಆದರೆ ಅವತ್ತೇ ಸಂಜೆ ಗೌರೀಶ ಮಾಸ್ತರರ ಮಗಳು ನೇತ್ರಾಳನ್ನು ನೋಡಲು ಅಣ್ಣಿಗೇರಿಯಿಂದ ಮಂದಿ ಬರುವವರಿದ್ದರು. ಬಂದ ಸಂಬಂಧಗಳೆಲ್ಲ ತಪ್ಪಿ ತಪ್ಪಿ, ಅಂತೂ ಇದೊಂದು ಕೂಡಿಬರುವ ಹಾಗಿತ್ತು.

"ಬಂದವ್ರು ಮೂಗು ಮುಚ್ಕೊಂಡು ಉಪ್ಪಿಟ್ಟು ತಿನ್ನಬೇಕೇನ್ರಿ?" ಎಂದು ಹೆಂಡತಿ ಸುಶೀಲವ್ವ ಬೆಳಿಗ್ಗೆಯೇ ಶುರು ಮಾಡಿದಳು.

ಪಂಚಾಯ್ತಿಗೆ ಅಲೆದು ಮಾಸ್ತರರ ಚಪ್ಪಲಿ ಸವೆದಿತ್ತು. ಆದರೆ ಈಗ ಅವರ ಹತ್ತಿರ ಹೊಸ ಉಪಾಯವಿತ್ತು. ಯಹೂದ್ಯರ ಧರ್ಮಗ್ರಂಥದ ಕನ್ನಡ ಪುಸ್ತಕವೊಂದನ್ನು ಓದುತ್ತಿದ್ದರು. ಮಂದಿಗೆ ಹುರುಪು ತುಂಬುವ ಗುಟ್ಟೆಲ್ಲ ಅದರಲ್ಲಿದೆ ಎಂದು ಅವರು ಕೊರೆದ ಕೊರೆತಕ್ಕೆ ಶಾಲೆಯ ಉಳಿದ ಮಾಸ್ತರರು ಅವರನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರು.

ಬೇವಿನ ಗಿಡದ ಕಟ್ಟೆಗೆ ಓಣಿಯವರನ್ನು ಕೂಡಿಸಿದರು.

"ನೆಹೆಮೀಯ ಅಂತ ಒಬ್ಬಾಂವ ಇದ್ದ. ಯೆರೂಸಲೇಮ್ ಅನ್ನೂ ಊರಿನ ಗ್ವಾಡಿ ಬಿದ್ದು ಹಾಳಾಗಿತ್ತು. ಆಂವ ಯಾರಿಗೂ ಬೈಲಿಲ್ಲ, ಬಡೀಲಿಲ್ಲ. ಮಂದಿ ತಮ್ಮ ತಮ್ಮ ಮನಿ ಮುಂದಿನ ಗ್ವಾಡಿ ತಾವ ಕಟ್ಟೂಹಂಗ ಮಾಡಿದ. ತನ್ನ ಮನಿ ಮುಂದಂದ್ರ ಯಾರಿಗೆ ಹುರುಪು ಬರೂದಿಲ್ಲ ಹೇಳ್ರಿ? ಎದ್ದಬಿಡ್ತು ನೋಡ್ರಿ ಗ್ವಾಡಿ!"

ಓಣಿಯ ಮೇಲ್ತುದಿಯ ಮುದಕಪ್ಪ ಎದ್ದು ನಿಂತ. "ಇಷ್ಟು ವರ್ಷ ಯಾರೂ ಹಿಂಗ ತಿಳಿಸಿ ಹೇಳಿರಲಿಲ್ಲ ನೋಡ್ರಿ ಮಾಸ್ತರ್ರ. ನನ್ನ ಮನಿ ಮುಂದಿಂದು ನಂದು! ಏಳ್ರಿ, ಸಲಿಕಿ ಹಿಡೀರಿ!"

ಮಾಸ್ತರರ ಕಣ್ಣು ಒದ್ದೆಯಾದವು. ಮುದಕಪ್ಪ ತನ್ನ ಬಾಗಿಲ ಮುಂದಿನ ರಾಡಿಯನ್ನು ಕೆಳಗೆ ತಳ್ಳಿದ. ಅದು ಭೀಮಶಿಯ ಬಾಗಿಲಿಗೆ ಬಂತು. ಭೀಮಶಿ ಸುಮ್ಮನಿರುತ್ತಾನೆಯೇ? ಎರಡರಷ್ಟು ಹುರುಪಿನಿಂದ ಅದನ್ನು ಬಾಜೂ ಮನೆಯ ಕಾಸೀಮಸಾಬನ ಬಾಗಿಲಿಗೆ ದಬ್ಬಿದ. ಮಾಸ್ತರರು ಮೇಲ್ತುದಿಯಲ್ಲೇ ನಿಂತು "ಭಲೇ! ಭಲೇ!" ಎನ್ನುತ್ತ ಚಾ ಹಂಚಿದ್ದೇ ಹಂಚಿದ್ದು. ಮಧ್ಯಾಹ್ನದ ಹೊತ್ತಿಗೆ ಓಣಿ ತೊಳೆದ ತಾಟಿನಂತಾಯಿತು. ಆಗ ಕೆಳಗಿನ ತುದಿಯಿಂದ ಸುಶೀಲವ್ವನ ಕೂಗು ಕೇಳಿಸಿತು.

ಕೊನೆಯ ಮನೆ ಮಾಸ್ತರರದು. ಅಲ್ಲಿಂದ ಮುಂದೆ ನೀರು ಹೋಗುವ ಕೊಳವೆ ಕಟ್ಟಿಕೊಂಡು, ಇಡೀ ಓಣಿಯ ರಾಡಿ ಅವರ ಬಾಗಿಲಲ್ಲಿ ಗುಡ್ಡೆ ಬಿದ್ದಿತ್ತು.

"ಎಲ್ಲಾರೂ ಬರ್ರೆಪಾ, ಇಷ್ಟು ತೆಗದಬಿಡೂಣು!" ಎಂದು ಮಾಸ್ತರರು ಅಂಗಲಾಚಿದರು.

"ನಮ್ದು ಮುಗೀತ್ರಿ," ಎಂದ ಕಾಸೀಮಸಾಬ ಕೈ ತೊಳೆಯುತ್ತ. "ನಿಮ್ಮ ಮನಿ ಮುಂದಿಂದು ನಿಮ್ದಲ್ರಿ? ನೀವ ಹೇಳಿದ್ರಲ್ಲ."

"ಆ ನೆಹೆಮೀಯನ ಮನಿ ಊರಾಗ ಎಲ್ಲಿತ್ತಂತ? ಅದನ್ನೊಂದು ಕೇಳ್ರಿ ನಿಮ್ಮ ಪುಸ್ತಕಕ್ಕ!" ಎಂದು ಸುಶೀಲವ್ವ ಹಣೆ ಬಡಿದುಕೊಂಡಳು.

ಥೂ, ಯಾರಿಗೆ ಬೇಕಾಗಿತ್ತು ಈ ಉಸಾಬರಿ! ಮಾಸ್ತರರು ಬನಿಯನ್ನಿನಲ್ಲೇ ಮೊಣಕಾಲಮಟ ರಾಡಿಗೆ ಇಳಿದರು. ಅರ್ಧವೂ ಆಗಿರಲಿಲ್ಲ, ಬೀಗರು ಬಂದೇಬಿಟ್ಟರು. ಓಣಿಯ ಕತೆಯನ್ನೆಲ್ಲ ವರ್ಣಿಸುತ್ತ ಮುದಕಪ್ಪನೇ ಅವರನ್ನು ಕರೆತಂದಿದ್ದ. ಇನ್ನು ಮುಗೀತು ಎಂದುಕೊಂಡ ಮಾಸ್ತರರಿಗೆ ವರನ ತಂದೆ ಮಡಿವಾಳೆಪ್ಪ ಕೈಮುಗಿದರು.

"ಮಂದಿಗೆ ಹೇಳೂವ್ರು ಬಾಳ ಅದಾರ್ರಿ. ಹೇಳಿ ತಾನೂ ರಾಡ್ಯಾಗ ಇಳಿಯೂ ಮನಷ್ಯಾನ್ನ ಇವತ್ತ ನೋಡಿದೆ. ಇಂಥವ್ರ ಮಗಳು ನಮಗ ಒಪ್ಪಿಗಿ!"

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು.

"ಆದ್ರ ಒಂದ ಮಾತು," ಎಂದರು ಮಡಿವಾಳೆಪ್ಪ. "ನಮ್ಮ ಓಣಿ ಗಟಾರನೂ ಕಟ್ಟೇತಿ. ಮಂದಿ ನನ್ನ ಮಾತು ಕೇಳಂಗಿಲ್ಲ. ರವಿವಾರ ಬಂದು ನೀವು ಇದ ಭಾಷಣ ಮಾಡ್ರಿ. ಅಗದಿ ಹಿಂಗ ಸ್ವಚ್ಛ ಆಗಬೇಕು. ಅದಾದ ಮರುದಿನಾನ ನಿಶ್ಚಯ ಮಾಡೂಣು."

ಮಾಸ್ತರರು ಸಲಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು: "ಓಣ್ಯಾಗ ನಿಮ್ಮ ಮನಿ ಎಲ್ಲಿ ಬರ್ತೈತ್ರಿ?"

"ಅಗದಿ ಕೆಳಗ, ಕಡೀ ಮನಿ ನಮ್ದರೀ!" ಎಂದರು ಮಡಿವಾಳೆಪ್ಪ ಹೆಮ್ಮೆಯಿಂದ.