ಗೋಣಿ ಕೈಚೀಲದ ಚೊಚ್ಚಲ ಪ್ರದರ್ಶನ

ನಮ್ಮ ಮನೆಯಲ್ಲಿ ನನ್ನ ಕನಸುಗಳಿಗೆ ಸಿಕ್ಕಿರುವ ಜಾಗ ಬಾಲ್ಕನಿಯ ಮೂಲೆ. ಅದೂ ಬಟ್ಟೆ ಒಣಗಿದ ಮೇಲೆ. ಈಚೆಗೊಂದು ದಿನ ಅಲ್ಲಿ, ದಿನಸಿ ಅಂಗಡಿಯವರು ಎಸೆದಿದ್ದ ಗೋಣಿಚೀಲವನ್ನು ಮೂರು ನೀರಲ್ಲಿ ಒಗೆದು ಹರವಿದ್ದೆ. ಬಿಸಿಲು ಎಳೆಎಳೆಯೊಳಗೂ ಇಳಿದು ಗೋಣಿ ಜೇನುಬಣ್ಣಕ್ಕೆ ತಿರುಗಿತ್ತು. ನೋಡ್ತಾ ನೋಡ್ತಾ ಅದು ಕೈಚೀಲವಾಯಿತು. ಅದನ್ನು ಹೆಗಲಿಗೇರಿಸಿ ನಾನು ಎಲ್ಲೋ ತೇಲತೊಡಗಿದೆ. (ಮಗಳು ಕಾಲು ಕಚ್ಚಿದ ಮೇಲೆ ಇಳಿದೆ.)

ಮಹಿಳಾ ಸಂಘದ ಪ್ರದರ್ಶನದಲ್ಲಿ ಒಂದು ಸ್ಟೂಲಿನಷ್ಟು ಜಾಗ ಬೇಡಿ ಪಡೆದೆ. ಒಂದಾದರೂ ಆರ್ಡರು ಬಂದರೆ ಮುಂದಿನ ಸಲ ಪೂರ್ತಿ ಮೇಜು ಎಂದು ಅಧ್ಯಕ್ಷೆಯ ಅಭಯ.

ಗೋಣಿಯ ಎಳೆ ಬಿಡಿಸಿ, ಜಡೆಯಂತೆ ಹೆಣೆದು ಎರಡು ಹಿಡಿಕೆ ಮಾಡುವಷ್ಟರಲ್ಲಿ ಮೂರು ದಿನ ಹೋಯಿತು. ಲೈನಿಂಗಿಗೆ ಮೆತ್ತನೆಯದೇನಾದರೂ ಬೇಕಿತ್ತು. ಮಗಳ ಹಾಸಿಗೆಯಲ್ಲಿ ಹಳೇ ಹತ್ತಿ ದುಪ್ಪಟಿಯ ತುಂಡು ಸಿಕ್ಕಿತು. ಒಗೆದೂ ಒಗೆದೂ ಮೋಡದ ಹಾಗಾಗಿತ್ತು.

"ಅದನ್ನ ಹಿಡ್ಕೊಳ್ಳದೆ ಅವಳು ಕಣ್ಣು ಮುಚ್ಚಲ್ಲ ಕಣೇ," ಅಂದರು ಅತ್ತೆ.

"ಬೇರೆ ಕೊಟ್ಟರಾಯ್ತು ಬಿಡಿ ಅತ್ತೆ. ಒಂದೂವರೆ ವರ್ಷದವಳಿಗೆ ಏನು ಗೊತ್ತಾಗುತ್ತೆ?"

(ಗೊತ್ತಾಗುತ್ತೆ.)

ಎರಡು ದಿನ ಅವಳೂ ಮಲಗಲಿಲ್ಲ, ನಮ್ಮನ್ನೂ ಮಲಗಗೊಡಲಿಲ್ಲ. ಏಳು ಬಟ್ಟೆ ಕೊಟ್ಟೆವು. ಏಳನ್ನೂ ಮೂಸಿ, ತಜ್ಞೆಯಂತೆ ತಿರಸ್ಕರಿಸಿದಳು. ನನ್ನವರು ಕಚೇರಿಯಲ್ಲಿ ಮೇಲಧಿಕಾರಿಯ ಎದುರೇ ಗೊರಕೆ ಹೊಡೆದು ಬಂದರಂತೆ. ಲೈನಿಂಗ್ ಬಿಚ್ಚು ಅಂತ ಅವರ ಹಠ, ಪ್ರದರ್ಶನ ಮುಗಿಯಲಿ ಅಂತ ನನ್ನದು.

ಪ್ರದರ್ಶನದ ದಿನ ಚೀಲವನ್ನು ಸ್ಟೂಲಿನ ಮೇಲೆ ಮಹಾರಾಣಿಯಂತೆ ಕೂರಿಸಿ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತೆ. ಅವಳು ಬಗ್ಗಿ ಚೀಲದೊಳಗೆ ಕೈ ಹಾಕಿದಳು. ಬೆರಳಲ್ಲಿ ಹೊಸಕಿದಳು, ಮೂಸಿದಳು, ನಿಟ್ಟುಸಿರಿಟ್ಟಳು. ನಾನು ಬಿಡಿಸುವಷ್ಟರಲ್ಲಿ ಚೀಲದ ಸಮೇತ ಜಮಖಾನಕ್ಕೆ ಜಾರಿ, ಲೈನಿಂಗ್ ಹೊರಗೆಳೆದು, ಅದರ ಮೇಲೆ ಕೆನ್ನೆಯಿಟ್ಟು ಮಲಗೇಬಿಟ್ಟಳು.

ಇಡೀ ಸಭಾಂಗಣ ಪಿಸುಮಾತಿಗಿಳಿಯಿತು. ಜನ ಬಂದರು, ಖಾಲಿ ಸ್ಟೂಲು ನೋಡಿದರು, ಹೋದರು. ಎಬ್ಬಿಸೋಣವೆಂದು ಬಗ್ಗಿದೆ. ಅವಳ ಉಸಿರು ಕೇಳಿಸಿತು, ಸಣ್ಣಗೆ, ಒಂದೇ ಲಯದಲ್ಲಿ. ಆರ್ಡರು, ಮೇಜು, ಅಧ್ಯಕ್ಷೆ ಎಲ್ಲವೂ ನಿಧಾನಕ್ಕೆ ದೂರ ಸರಿದವು. ಬಗ್ಗಿದವಳು ಅಲ್ಲೇ ಕೂತೆ.

ಆಗ ಹಸುಗೂಸು ಹೊತ್ತ, ಕಣ್ಣ ಕೆಳಗೆ ಕಪ್ಪಾದ ಹೆಂಗಸೊಬ್ಬರು ತುದಿಗಾಲಲ್ಲಿ ಬಂದು, ನೀವೇ ಮಾಡಿದ್ದಾ ಅಂತ ಕೇಳಿದರು. ನನ್ನೆದೆ ಉಬ್ಬಿತು.

"ನಂಗೂ ಇಂಥದ್ದೇ ಒಂದು ದಿಂಬು ಮಾಡ್ಕೊಡಿ," ಅಂದರು. "ಆದ್ರೆ ಆ ಎರಡು ಜಡೆ ಬೇಡ. ಮಗುಗೆ ಚುಚ್ಚುತ್ತೆ."

ನಾನು ಹೊಸ ಪುಸ್ತಕ ತೆರೆದು, ಸದ್ದಾಗದಂತೆ, ನನ್ನ ಮೊದಲ ಆರ್ಡರು ಬರೆದುಕೊಂಡೆ: ದಿಂಬು, ಒಂದು. ಜಡೆರಹಿತ.