ಒಬ್ಬರ ಧರಣಿ, ಒಬ್ಬನ ಬಂದೋಬಸ್ತ್

ಧರಣಿ, ಮೆರವಣಿಗೆಗಳ ಬಂದೋಬಸ್ತಿಗೆ ನಿಂತ ಪೊಲೀಸಿನವನಿಗೆ ನಗು ಬರುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಸಮವಸ್ತ್ರದಲ್ಲಿರುತ್ತೇವೆ, ನಗಬಾರದು ಅಷ್ಟೆ. ಹೆಂಡತಿ ಮಕ್ಕಳನ್ನು ಬೆಟಗೇರಿಯಲ್ಲಿ ಬಿಟ್ಟು ಮುಂಡರಗಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ವರ್ಷ ಮಾತ್ರ, ನಕ್ಕಿದ್ದನ್ನು ಹೇಳಿಕೊಳ್ಳಲೂ ಯಾರೂ ಇರಲಿಲ್ಲ.

ಅರ್ಜಿ

ಹೊಳೆದಂಡೆಯ ಹಳ್ಳಿಯ, ಎಲ್ಲರೂ ಮಾಸ್ತರ ಎಂದೇ ಕರೆಯುವ ದರ್ಜಿಯೊಬ್ಬರು ಧರಣಿಗೆ ಅನುಮತಿ ಕೇಳಲು ಠಾಣೆಗೆ ಬಂದರು. ಪಟ್ಟಣದಿಂದ ಅವರ ಊರಿಗೆ ಹೋಗುವ ಸಂಜೆಯ ಬಸ್ಸು ನಿಂತು, ಅವರ ಮಗಳ ಕಾಲೇಜೂ ನಿಲ್ಲುವ ಹಾಗಾಗಿತ್ತು.

“ಎಷ್ಟ ಮಂದಿ ಕುಂಡ್ರತೀರಿ, ಮಾಸ್ತರ?” ಅರ್ಜಿ ಬರೆದುಕೊಳ್ಳುತ್ತ ಕೇಳಿದೆ.

“ಊರೆಲ್ಲಾ ಬರ್ತೀವಿ ಅಂದೈತ್ರಿ. ಸದ್ಯಕ್ಕ ಒಬ್ಬನ ಅಂತ ಬರ್ಕೊಳ್ರಿ.”

“ಶಿಸ್ತು ಕಾಯೂ ಸ್ವಯಂಸೇವಕರು?”

“ಅದೂ ನಾನರಿ.”

“ಗದ್ದಲ ಆದ್ರ?”

“ಒಬ್ಬನ ಯಾರ ಜೋಡಿ ಗದ್ದಲ ಮಾಡ್ಲಿ? ನೀವ ಯಾರನ್ನರ ಕಳಸ್ತೀರೇನು?”

ಕಳಿಸಿದ್ದು ನನ್ನನ್ನೇ.

ಘೋಷಣೆ

ಬಸ್ ನಿಲ್ದಾಣದ ಎದುರು ಜಮಖಾನೆಯ ಮೇಲೆ ಅವರು, ಹತ್ತು ಹೆಜ್ಜೆ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. “ಬೇಕೇ ಬೇಕು!” ಎಂದು ಕೂಗಿ, ತುಸು ತಡೆದು, ದನಿ ಬದಲಿಸಿ ತಾವೇ “ಬಸ್ ಬೇಕು!” ಎನ್ನುತ್ತಿದ್ದರು. ನಾಲ್ಕನೇ ದಿನ ಗಂಟಲು ಕಟ್ಟಿತ್ತು. “ಬೇಕೇ ಬೇಕು” ಎಂದವರೇ ಕೆಮ್ಮತೊಡಗಿದರು. ಘೋಷಣೆ ಅರ್ಧಕ್ಕೇ ನಿಂತದ್ದನ್ನು ಸಹಿಸಲಾಗದೆ ನನ್ನ ಬಾಯಿಂದ “ಬಸ್ ಬೇಕು!” ಎಂದು ಬಂದೇಬಿಟ್ಟಿತು.

ಹಿಂದೆ ನಮ್ಮ ಸಾಹೇಬರು ನಿಂತಿದ್ದರು. “ಅನುಮತಿ ಕೊಟ್ಟಿದ್ದು ಒಬ್ಬರಿಗೆ. ಎರಡನೇದಾಂವ ಯಾರಲೇ?”

ನಿಷೇಧಾಜ್ಞೆ

ಬೇರಾವುದೋ ಕಾರಣಕ್ಕೆ ಪಟ್ಟಣದಲ್ಲಿ ನಿಷೇಧಾಜ್ಞೆ ಬಂತು. ಐದು ಮಂದಿ ಒಂದು ಕಡೆ ಸೇರುವಂತಿಲ್ಲ. ಆದೇಶ ಓದಿ ಹೇಳಿದೆ. ಮಾಸ್ತರರು ಖಾಲಿ ಜಮಖಾನೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಎರಡನೇ ಮನಿಷ್ಯಾನ ಇನ್ನೂ ಬಂದಿಲ್ರಿ. ಐದು ಮಂದಿ ಕೂಡಿದ್ರ ಖುಷಿಲೆ ನಾನ ಬಂದು ಲಾಕಪ್ಪಿನ್ಯಾಗ ಕುಂಡ್ರತೀನಿ.”

ಆಮೇಲೆ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ನನ್ನ ಕಡೆ ಚಾಚಿದರು. ಎಷ್ಟೋ ದಿನದ ಮೇಲೆ ಇನ್ನೊಬ್ಬರ ಜೊತೆ ಕೂತು ಉಂಡೆ. ಇಬ್ಬರೇ, ಕಾನೂನಿನ ಪ್ರಕಾರ.

ಗೆಲುವು

ಹನ್ನೊಂದನೇ ದಿನ ಬಸ್ಸು ಮತ್ತೆ ಶುರುವಾಯಿತು. ಮಗಳು ಪುಸ್ತಕ ತಬ್ಬಿಕೊಂಡು ಕಿಟಕಿ ಪಕ್ಕ ಕೂತಳು. ಮಾಸ್ತರರು ಜಮಖಾನೆ ಸುತ್ತಿ ಹೆಗಲಿಗೇರಿಸಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

“ಯಾಕ್ರಿ ಸಾಹೇಬ್ರ, ಮಾರಿ ಸಣ್ಣದ ಮಾಡೀರಿ? ಗೆದ್ವಲ್ರಿ!”

“ನಾಳಿಂದ ನೀವು ಬರೂದಿಲ್ಲಲ್ರಿ, ಮಾಸ್ತರ.”

ಬಸ್ಸಿನ ಮೆಟ್ಟಿಲೇರಿದ್ದ ಮಾಸ್ತರರು ಇಳಿದು ಬಂದರು. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ. ಅವರು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು:

“ನಿಮಗಂತೂ ಧರಣಿ ಮಾಡಾಕ ಬರೂದಿಲ್ಲ. ನಿಮ್ಮ ಬೇಡಿಕಿ ಏನೈತಿ ಹೇಳ್ರಿ, ನಾ ಕುಂಡ್ರತೀನಿ. ಬಂದೋಬಸ್ತಿಗೆ ಮಾತ್ರ ನೀವ ಬರಬೇಕ ನೋಡ್ರಿ!”