ನೂರೆಂಬತ್ತು ಮೆಗಾಬೈಟ್ ಜಾಗಕ್ಕಾಗಿ

ವಜೀರುನ್ನೀಸಾ ಅವರೊಂದಿಗಿನ ಮೊದಲ ಸಂದರ್ಶನ 1999ರ ಜನವರಿಯಲ್ಲಿ ಗೊತ್ತಾದದ್ದು ಅವರ ಭಾವ, ಅಂದರೆ ಗಂಡನ ಅಣ್ಣ, ಬಾಬಾಜಾನ್ ಅವರ ಮೂಲಕ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಕಾರ್ಖಾನೆ ನಡೆಸುತ್ತಿದ್ದವರು ಅವರೇ. ನಾನು ಎರಡು ಪತ್ರ ಬರೆದು, ಮೂರು ಸಲ ಬಸ್ಸಿನಲ್ಲಿ ಹೋಗಿಬಂದ ಮೇಲೆ ದಿನ, ಹೊತ್ತು, ಕೂರುವ ಕುರ್ಚಿ ಎಲ್ಲವನ್ನೂ ಬಾಬಾಜಾನ್ ಅವರೇ ನಿಗದಿಮಾಡಿದರು. ಅದೇ ಫಿಲೇಚರಿನಲ್ಲಿ ರೇಷ್ಮೆಗೂಡು ಬೇಯುವ ಬಾಣಲೆಯ ಮುಂದೆ ಮೂವತ್ತು ವರ್ಷ ನೂಲು ಬಿಚ್ಚಿದ ಆಕೆ ಎರಡು ಗಂಟೆ ಮಾತಾಡಿದರು. ಚಿಕ್ಕಬಳ್ಳಾಪುರದ ಮನೆಯಲ್ಲಿ ನಾನು ಅದನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕಂಪ್ಯೂಟರಿಗೆ ಏರಿಸಿ, ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಸಂದರ್ಶನದ, ತೊಂಡೇಬಾವಿಯ ಆವಲಪ್ಪನವರ ಮಾತನ್ನು ಮುದ್ರಿಸಿಕೊಂಡೆ. ನನ್ನ ಮೌಖಿಕ ಚರಿತ್ರೆಯ ಸಂಶೋಧನೆಗೆ ವಿಶ್ವವಿದ್ಯಾಲಯ ಕೊಟ್ಟಿದ್ದು ಆರೇ ಕ್ಯಾಸೆಟ್ಟು.

ಮಾರ್ಚಿನಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಹೊಸ ಆವೃತ್ತಿಯ ಸಿಡಿ ಬಂತು. ಅದನ್ನು ಏರಿಸಲು ಡಿಸ್ಕಿನಲ್ಲಿ ಇನ್ನೂ ನೂರೆಂಬತ್ತು ಮೆಗಾಬೈಟ್ ಜಾಗ ಬೇಕೆಂದು ಯಂತ್ರ ಹಟ ಹಿಡಿಯಿತು. ನಾನು ಸಂಕಲ್ಪ ಮಾಡಿದೆ: ಸಾವಿರಾರು ಪುಟಗಳ ನೆನಪನ್ನು ಶಿಸ್ತಿನಿಂದ ಜೋಡಿಸಿದವಳು ಒಂದು ಡಿಸ್ಕನ್ನು ನಿಭಾಯಿಸಲಾರಳೆ! ಗುಡಿಸಿ ಬಿಸಾಡುವುದು ಲೋಕರೂಢಿ. ವಿಚಾರಿಸಿ ಬೀಳ್ಕೊಡುವುದು ವಿದ್ವತ್ಪದ್ಧತಿ.

ಹಳೆಯ ಆವೃತ್ತಿಯಿಂದ ಉಳಿದುಬಂದಿದ್ದ ತಂತ್ರಾಂಶದ ಪ್ಯಾಕೇಜುಗಳು ಇನ್ನೂರ ಹನ್ನೆರಡು. ಒಂದೊಂದಕ್ಕೂ ಒಂದು ಕಾರ್ಡು: ಹೆಸರು, ಹುಟ್ಟಿದ ವರ್ಷ, ಕಸುಬು, ಇದು ನಡೆಯಲು ಯಾರನ್ನು ನಂಬಿದೆ, ಇದನ್ನು ಯಾರು ನಂಬಿದ್ದಾರೆ. ಒಂಬತ್ತು ದಿನ ಹಿಡಿಯಿತು.

ನನ್ನ ಪತಿ ಚಲಪತಿ, ಪ್ರೌಢಶಾಲೆಯ ಗಣಿತದ ಮೇಷ್ಟ್ರು, ತಟ್ಟೆ ಇಡಲು ಕಾರ್ಡುಗಳನ್ನು ಸರಿಸುತ್ತ ಕೇಳಿದರು: "ಏನೇ ಇದು, ಪ್ಯಾಕೇಜಿಗೆಲ್ಲಾ ಜಾತಕ ಬರೀತಿದ್ದೀಯಾ? ಗೋತ್ರ ಒಂದು ಬಿಟ್ಟೋಗಿದೆ ನೋಡು!"

"ಇದೊಂದು ಪದ್ಧತಿ ಕಣ್ರೀ. ನಿಮಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ ಬಿಡು. ಆ ಅಜ್ಜಿ ಹೇಳಿದ್ದನ್ನ ಫ್ಲಾಪಿಗೆ ಹಾಕಿದ್ಯಾ?"

"ಮೊದಲು ಜಾಗ ಆಗಲಿ, ಆಮೇಲೆ ಹಾಕ್ತೀನಿ."

ದಾಖಲೆಯನ್ನು ಹುಟ್ಟಿದ ಕಡೆಯಿಂದ ಕದಲಿಸಬಾರದೆಂಬುದು ನಮ್ಮ ಶಾಸ್ತ್ರದ ಸೂತ್ರ. ಅದರಂತೆ ವಜೀರುನ್ನೀಸಾ ಅವರ ನಲವತ್ತು ಪುಟಗಳನ್ನು, ಅವನ್ನು ಟೈಪು ಮಾಡಿದ ಹಳೆಯ ತಂತ್ರಾಂಶದ ಕೋಶ, ಅಂದರೆ ಡೈರೆಕ್ಟರಿಯೊಳಗೇ ಇಟ್ಟಿದ್ದೆ. ಹತ್ತನೆಯ ದಿನ ಆ ತಂತ್ರಾಂಶದ ಸರದಿ ಬಂತು. ಅದನ್ನು ಯಾರೂ ನಂಬಿರಲಿಲ್ಲ, ತೆಗೆದೆ. ಕೋಶ ಖಾಲಿಯಿಲ್ಲವಾದ್ದರಿಂದ ಹಾಗೆಯೇ ಬಿಟ್ಟಿರುವುದಾಗಿ ಯಂತ್ರ ವಿನಯದಿಂದ ಅರಿಕೆ ಮಾಡಿಕೊಂಡಿತು. ಅರೆಗೆಲಸ ನನಗೆ ಆಗದು. ಒಳಗೇನಿದೆಯೆಂದು ನೋಡದೆ, ಕೋಶವನ್ನು ಬುಡಸಮೇತ ಅಳಿಸುವ ಆಜ್ಞೆ ಕೊಟ್ಟೆ. ಜಾಗ ನೂರೆಂಬತ್ತೊಂದಾಯಿತು! ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ 'ವಿಲೇವಾರಿ' ಎಂದು ಬರೆಯತೊಡಗಿದ ಕೈ ಅರ್ಧಕ್ಕೇ ನಿಂತಿತು.

"ರೀ..."

"ಫ್ಲಾಪಿಗೆ ಹಾಕಿರ್ಲಿಲ್ಲ, ಅಲ್ವಾ?" ಎಂದರು ಅವರು.

ಅದರ ಮುಂದಿನ ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಎಪ್ಪತ್ತೊಂದರ ಆಕೆ ಮತ್ತೆ ಬಾಯಿಬಿಡದಿದ್ದರೆ ಆ ಮೂವತ್ತು ವರ್ಷ ನನ್ನ ಕೈಯಿಂದಲೇ ಅಳಿದಂತೆ. ಬಾಬಾಜಾನ್ ಮಗಳನ್ನು ನೋಡಲು ಗೌರಿಬಿದನೂರಿಗೆ ಹೋಗಿದ್ದರು. ಮನೆಯಲ್ಲಿ ವಜೀರುನ್ನೀಸಾ ಒಬ್ಬರೇ ಇದ್ದರು. ನಡೆದದ್ದನ್ನು ಕ್ರಮವಾಗಿ ನಿವೇದಿಸಿದೆ.

"ಎಲ್ಲಾ ಹೋಯ್ತಾ?"

"ಎಲ್ಲಾ ಹೋಯ್ತಮ್ಮ. ತಪ್ಪು ನಂದೇ."

"ಒಂದಕ್ಷರಾನೂ ಉಳಿದಿಲ್ವಾ?"

"ಇಲ್ಲ."

ಆಕೆ ಎಲೆಯಡಿಕೆಯ ತಟ್ಟೆ ಬದಿಗಿಟ್ಟು ನಕ್ಕರು. "ಅಲ್ಲಾ ದೊಡ್ಡೋನು! ಒಳ್ಳೇ ಕೆಲಸ ಮಾಡ್ದೆ ಕಣಮ್ಮ. ಅವತ್ತು ಭಾವ ಎದುರಿಗೇ ಕೂತಿದ್ರಲ್ಲ, ಅವರಿಗೆ ಹಿಡಿಸೋ ಹಂಗೆ ಹೇಳ್ದೆ. ಅಷ್ಟು ಓದಿದ್ದೀಯ, ನಿಂಗೆ ತಿಳೀಲಿಲ್ವಾ?"

ತಿಳಿದಿರಲಿಲ್ಲ. 'ಭಾವ ಬಂಗಾರದಂಥ ಮನುಷ್ಯ' ಎಂಬ ಮಾತು ಮೂವತ್ತೊಂದು ಸಲ ಬಂದದ್ದನ್ನು ಎಣಿಸಿ, ಕೌಟುಂಬಿಕ ಸಾಮರಸ್ಯದ ನಿದರ್ಶನವೆಂದು ಅಡಿಟಿಪ್ಪಣಿಯನ್ನೂ ಬರೆದಿದ್ದೆ! ಯಾರು ಯಾರ ಹಂಗಿನಲ್ಲಿದ್ದಾರೆಂದು ಇನ್ನೂರ ಹನ್ನೆರಡು ಪ್ಯಾಕೇಜುಗಳನ್ನು ವಿಚಾರಿಸಿದವಳು ಈಕೆಯೊಬ್ಬರನ್ನು ವಿಚಾರಿಸಿರಲಿಲ್ಲ.

"ಬಾಗ್ಲು ಮುಂದಕ್ಕೆ ಮಾಡು. ಈಗ ಒತ್ತು ನಿನ್ನ ಟೇಪು."

ಒತ್ತಿದೆ. ದಾಖಲೆಯ ಮೊದಲ ನಮೂದು ಹೀಗಿದೆ:

ಶಿಡ್ಲಘಟ್ಟ, 21 ಮಾರ್ಚ್ 1999. ವಜೀರುನ್ನೀಸಾ ಅವರ ಹೇಳಿಕೆ. 7 ಜುಲೈ 1986, ಸೋಮವಾರ, ಮಧ್ಯಾಹ್ನ ಒಂದು ಗಂಟೆ ಹೊತ್ತು ಬಿಡುವು ಕೊಡಬೇಕೆಂದು ಒತ್ತಾಯಿಸಿ ಬಾಬಾಜಾನ್ ಅವರ ಫಿಲೇಚರಿನಲ್ಲಿ ಹದಿನೆಂಟು ಹೆಂಗಸರು ಬಿಸಿನೀರಿನಿಂದ ಕೈ ತೆಗೆದು ಎದ್ದು ನಿಂತರು. ಮೊದಲು ಎದ್ದವರು ಮಾಲೀಕರ ತಮ್ಮನ ಹೆಂಡತಿ.